ಪ್ಯಾರಾಚೂಟ್ ಇತ್ತು, ಬಾಗಿಲಾಚೆ

ನಾನು ಕೆಮಿಕಲ್ ಪ್ಲಾಂಟ್‌ನಲ್ಲಿ ಸೇಫ್ಟಿ ಆಫೀಸರ್. ಹೋದ ಮಾಕ್ ಡ್ರಿಲ್‌ನಲ್ಲಿ ಸೈರನ್ ಆದ ತಕ್ಷಣ ಆಪರೇಟರ್ ಎಸ್‌ಸಿಬಿಎ ಸೆಟ್‌ಗೆ, ಅಂದರೆ ವಿಷಗಾಳಿಯಲ್ಲೂ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿ ಸಿಲಿಂಡರ್ ಮತ್ತು ಮಾಸ್ಕ್‌ಗೆ, ಓಡಿದ. ಕಪಾಟಿಗೆ ಬೀಗ. ಕೀ ಸ್ಟೋರ್ಸ್‌ನವರ ಹತ್ತಿರ, ಅವರು ಊಟಕ್ಕೆ ಹೋಗಿದ್ದರು. ರಿವ್ಯೂ ಮೀಟಿಂಗ್‌ನಲ್ಲಿ ಮೇಲಿನವರು, "ಸೆಟ್ ಇದೆ ಅಲ್ವಾ, ಆಡಿಟ್‌ನಲ್ಲೂ ಪಾಸ್ ಆಗಿದೆ" ಅಂದರು. ಆ ಮಾತು ನನಗೆ ಇನ್ನೂ ಚುಚ್ಚುತ್ತಿದೆ. ಮರುದಿನ ಟೂಲ್‌ಬಾಕ್ಸ್ ಟಾಕ್‌ನಲ್ಲಿ (ಕೆಲಸಗಾರರ ಜೊತೆಗಿನ ಚಿಕ್ಕ ಸೇಫ್ಟಿ ಮಾತುಕತೆ) ನಿಕೋಲಸ್ ಆಲ್ಕೆಮೇಡ್ ಕಥೆ ಹೇಳಿದೆ.

ಎರಡನೇ ಮಹಾಯುದ್ಧದಲ್ಲಿ ಆತ ಬ್ರಿಟಿಷ್ ವಾಯುಪಡೆಯ ಲ್ಯಾಂಕಾಸ್ಟರ್ ಬಾಂಬರ್‌ನ ಗನ್ನರ್. ವಯಸ್ಸು 21. ಏಳು ಜನರ ತಂಡದಲ್ಲಿ ಆತನೊಬ್ಬ ವಿಮಾನದ ಬಾಲದ ತುದಿಯಲ್ಲಿ, ನಾಲ್ಕು ಬ್ರೌನಿಂಗ್ ಗನ್‌ಗಳ ಹಿಂದೆ, ಕೊರೆಯುವ ಚಳಿಯಲ್ಲಿ ಕೂರಬೇಕಿತ್ತು. ಗನ್ನರ್ ಕೂರುವ ಆ ಗೂಡು, ಅಂದರೆ ಟರೆಟ್, ಎಷ್ಟು ಇಕ್ಕಟ್ಟು ಅಂದರೆ ಪ್ಯಾರಾಚೂಟ್ ಕಟ್ಟಿಕೊಂಡು ಕೂರಲು ಜಾಗವೇ ಇಲ್ಲ. ಮೈಮೇಲೆ ಹಾರ್ನೆಸ್, ಅಂದರೆ ಅದನ್ನು ಸಿಕ್ಕಿಸುವ ಪಟ್ಟಿಗಳು ಮಾತ್ರ. ಪ್ಯಾಕ್ ಇದ್ದದ್ದು ಬೆನ್ನ ಹಿಂದಿನ ಬಾಗಿಲಾಚೆ. ಬೇಕಾದಾಗ ಬಾಗಿಲು ತೆರೆದು, ಕೈಚಾಚಿ ತೆಗೆದು, ಎದೆಗೆ ಸಿಕ್ಕಿಸಿಕೊಳ್ಳಬೇಕು.

1944ರ ಮಾರ್ಚ್ 24ರ ರಾತ್ರಿ. ಬರ್ಲಿನ್ ಮೇಲೆ ದಾಳಿ ಮಾಡಿ ವಾಪಸ್ ಬರುವಾಗ ಜರ್ಮನ್ ನೈಟ್ ಫೈಟರ್ ಹೊಡೆಯಿತು. ವಿಮಾನ ಹತ್ತಿಕೊಂಡಿತು. ಆಲ್ಕೆಮೇಡ್ ಬಾಗಿಲು ತೆರೆದ. ಆಚೆ ಬರೀ ಬೆಂಕಿ. ಪ್ಯಾಕ್ ಆ ಬೆಂಕಿಯ ಪಾಲಾಗಿತ್ತು. ಸುಟ್ಟು ಸಾಯುವುದಕ್ಕಿಂತ ಬಿದ್ದು ಸಾಯುವುದೇ ವಾಸಿ ಅಂತ ಪ್ಯಾರಾಚೂಟ್ ಇಲ್ಲದೆಯೇ ಹಾರಿದ. 18,000 ಅಡಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್. ಪೈನ್ ಮರದ ಕೊಂಬೆಗಳು ತಡೆದವು, ಕೆಳಗೆ ಹಿಮ ಇತ್ತು. ಕಾಲು ಉಳುಕಿತು, ಜೀವ ಉಳಿಯಿತು.

ಹುಡುಗರು ಚಪ್ಪಾಳೆ ತಟ್ಟಿದರು. ನಾನು ತಡೆದೆ. ಅದೇ ವಿಮಾನದಲ್ಲಿದ್ದ ಪೈಲಟ್ ಮತ್ತು ಇನ್ನೂ ಮೂವರು ಸತ್ತರು. ಬಿದ್ದು ಬದುಕಿದ್ದನ್ನು ಬಿಡಿ, ಬಾಗಿಲು ತೆರೆದ ಆ ಕ್ಷಣ ಯೋಚಿಸಿ ಅಂದೆ. ವಿಮಾನದಲ್ಲಿ ಪ್ಯಾರಾಚೂಟ್ ಇತ್ತು. ಲೆಕ್ಕದಲ್ಲೂ ಇತ್ತು. ಆ ವಾರವೇ ಹಟ ಹಿಡಿದು ಕಪಾಟಿನ ಬೀಗ ತೆಗೆಸಿ, ಕೈಯಲ್ಲಿ ಕಿತ್ತು ತೆಗೆಯುವಂಥ ಪ್ಲಾಸ್ಟಿಕ್ ಸೀಲ್ ಹಾಕಿಸಿದೆ. ಸೆಟ್ ಕಳುವಾದರೆ ಯಾರು ಹೊಣೆ ಅಂತ ಸ್ಟೋರ್ಸ್‌ನವರು ಕೇಳಿದರು. ನಾನೇ ಅಂತ ಬರೆದುಕೊಟ್ಟೆ.

ಆಲ್ಕೆಮೇಡ್ ಸೆರೆಸಿಕ್ಕ ಮೇಲಿನ ಭಾಗವೂ ನನಗೆ ಮುಖ್ಯ. ಪ್ಯಾರಾಚೂಟ್ ಇಲ್ಲದೆ ಬಿದ್ದೆ ಅಂದರೆ ಜರ್ಮನಿಯ ರಹಸ್ಯ ಪೊಲೀಸ್ ಗೆಸ್ಟಾಪೊ ನಂಬುತ್ತದೆಯೇ? ಆದರೆ ವಿಮಾನದ ಅವಶೇಷ ಪರಿಶೀಲಿಸಿದ ಮೇಲೆ ಜರ್ಮನ್ನರು ಒಪ್ಪಿಕೊಂಡರು. ಆಮೇಲೆ ಯುದ್ಧಕೈದಿಗಳ ಸ್ಟಾಲಾಗ್ ಲುಫ್ಟ್ 3 ಶಿಬಿರ. ಆತ ಬಿದ್ದ ಅದೇ ರಾತ್ರಿ ಆ ಶಿಬಿರದಿಂದ 76 ಕೈದಿಗಳು ಸುರಂಗದಲ್ಲಿ ತಪ್ಪಿಸಿಕೊಂಡಿದ್ದರು. ಅವರಲ್ಲಿ 50 ಜನರನ್ನು ಹಿಡಿದು ಕೊಂದರು. ಆಲ್ಕೆಮೇಡ್ 1945ರಲ್ಲಿ ಊರಿಗೆ ಮರಳಿ, ನಮ್ಮ ಹಾಗೆ ಕೆಮಿಕಲ್ ಕೆಲಸಕ್ಕೇ ಸೇರಿದ.

ಶತ್ರು ಸೈನಿಕ ಹೇಳಿದ ನಂಬಲಾಗದ ಮಾತನ್ನೂ ಅವಶೇಷ ನೋಡಿ ತೀರ್ಮಾನಿಸಿದರು. ನಮ್ಮಲ್ಲಿ ನಿಯರ್ ಮಿಸ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತ) ರಿಪೋರ್ಟ್ ಎಸಿ ರೂಮಿನಲ್ಲೇ ಕ್ಲೋಸ್ ಆಗುತ್ತದೆ. ಈಗ ನಾನು ಸಹಿ ಹಾಕುವ ಮೊದಲು ಮ್ಯಾನೇಜರನ್ನು ಸ್ಪಾಟ್‌ಗೆ ಕರೆದುಕೊಂಡು ಹೋಗುತ್ತೇನೆ. ಕೆಲವರಿಗೆ ಇದು ಇಷ್ಟ ಆಗಲ್ಲ. ಆದರೂ ಬರುತ್ತಾರೆ.