ಕೈ ಹತ್ತಿರ ತಂದರೆ ಹತ್ತುತ್ತಿದ್ದ ಎಲ್‌ಇಡಿ

ಎಂಬೆಡೆಡ್ ಸಿಸ್ಟಮ್ಸ್ (ಉಪಕರಣಗಳೊಳಗೆ ಕೂರುವ ಪುಟ್ಟ ಕಂಪ್ಯೂಟರ್‌ಗಳು) ಲ್ಯಾಬ್ ತೆಗೆದುಕೊಳ್ಳಲು ಶುರು ಮಾಡಿದ ಹೊಸದರಲ್ಲಿ ನನಗೊಂದು ಅಭ್ಯಾಸವಿತ್ತು. ಯಾರಾದರೂ ಕರೆದರೆ ಹೋಗಿ ಕೋಡ್ ನೋಡುವುದು, ತಪ್ಪಿರುವ ಸಾಲು ತೋರಿಸುವುದು, ಮುಂದಿನ ಟೇಬಲ್ಲಿಗೆ ಹೋಗುವುದು. ಎಲ್ಲರ ಪ್ರಯೋಗವೂ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ಕಲಿಸುವುದು ಅಂದರೆ ಇದೇ ಅಂದುಕೊಂಡಿದ್ದೆ.

ಒಂದು ದಿನ ಒಬ್ಬ ವಿದ್ಯಾರ್ಥಿನಿ ಕರೆದಳು. "ಮೇಡಂ, ಬಟನ್ ಒತ್ತದೇ ಇದ್ರೂ ಎಲ್‌ಇಡಿ ಹತ್ತುತ್ತೆ. ಕೈ ಹತ್ತಿರ ತಂದ್ರೆ ಇನ್ನೂ ಜಾಸ್ತಿ."

ಅವಳ ಮುಂದಿದ್ದದ್ದು ಆರ್ಡುಯಿನೊ ಊನೊ, ಕೋಡ್ ಹಾಕಿ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್. ಬಟನ್ ಪಿನ್‌ನಿಂದ ಗ್ರೌಂಡ್‌ಗೆ (0 ವೋಲ್ಟ್) ಹೋಗಿತ್ತು, ಪುಲ್-ಅಪ್, ಅಂದರೆ ಬಟನ್ ಒತ್ತದಿದ್ದಾಗ ಪಿನ್ನನ್ನು 5 ವೋಲ್ಟ್‌ಗೆ ಎಳೆದು ಹಿಡಿಯುವ ರೆಸಿಸ್ಟರ್, ಇರಲಿಲ್ಲ. "ಒಳಗಿನ ಪುಲ್-ಅಪ್ ಆನ್ ಮಾಡು" ಎಂದೆ. ಸರಿಹೋಯಿತು. ಅವಳು ಮಾತ್ರ ಬಿಡಲಿಲ್ಲ. "ಆದ್ರೆ ನನ್ನ ಕೈ ಯಾಕೆ ಮೇಡಂ?"

ಪುಲ್-ಅಪ್ ತೆಗೆಸಿ, ಪಿನ್‌ಗೆ ಸ್ಕೋಪ್‌ನ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್) ಪ್ರೋಬ್ ಇಟ್ಟೆವು. 20 ಮಿಲಿಸೆಕೆಂಡಿಗೊಮ್ಮೆ ಏರಿ ಇಳಿಯುವ ಅಲೆ! ಸುತ್ತಲಿನ ಕರೆಂಟ್ ಲೈನ್‌ಗಳ 50 ಹರ್ಟ್ಸ್ ಅದು. ಮೈ ಅದನ್ನು ಆಂಟೆನಾದಂತೆ ಹಿಡಿಯುತ್ತದೆ. ಎಲ್ಲೂ ಕಟ್ಟಿಹಾಕದ ಪಿನ್‌ಗೆ ಅಷ್ಟು ಸಾಕು, 0 ಮತ್ತು 1ರ ನಡುವೆ ಹೊಯ್ದಾಡುತ್ತದೆ. ಆ ಬೋರ್ಡ್‌ನಲ್ಲಿರುವ ಅಟ್‌ಮೆಗಾ328ಪಿ ಚಿಪ್‌ನೊಳಗಿನ ಪುಲ್-ಅಪ್ 20ರಿಂದ 50 ಕಿಲೋ ಓಮ್. ಅದನ್ನು ಆನ್ ಮಾಡಿದ ಕೂಡಲೇ ಗೆರೆ 5 ವೋಲ್ಟ್‌ನಲ್ಲಿ ನೆಟ್ಟಗೆ ನಿಂತಿತು.

ಮುಂದಿನ ತೊಂದರೆ, ಒಮ್ಮೆ ಒತ್ತಿದರೆ ಎಣಿಕೆ ಮೂರು ಬರುತ್ತಿತ್ತು. ಬಾಯಿಗೆ ಬಂದ ಉತ್ತರವನ್ನು ಕಷ್ಟಪಟ್ಟು ತಡೆದುಕೊಂಡೆ. ಅವಳೇ ಸ್ಕೋಪನ್ನು ಒಂದು ಸಲದ ಬದಲಾವಣೆಯನ್ನು ಹಿಡಿದು ನಿಲ್ಲಿಸುವ ಸಿಂಗಲ್ ಟ್ರಿಗರ್‌ಗೆ ಇಟ್ಟು ಬಟನ್ ಒತ್ತಿದಳು. ಕೆಲವು ಮಿಲಿಸೆಕೆಂಡ್‌ಗಳಲ್ಲೇ ಗೆರೆ ನಾಲ್ಕೈದು ಸಲ ಕುಣಿದಿತ್ತು. ಬಟನ್‌ನೊಳಗಿನ ಲೋಹದ ತುಣುಕುಗಳು ತಾಗಿ, ಪುಟಿದು, ಮತ್ತೆ ತಾಗುವುದು ಕಣ್ಣಿಗೇ ಕಂಡಿತು. "ಇದು ನಿಲ್ಲೋವರೆಗೆ ಕಾದು ಇನ್ನೊಮ್ಮೆ ಓದಿದ್ರೆ ಸಾಕಲ್ವಾ ಮೇಡಂ?" ಎಂದಳು. ಹೀಗೆ ಕಾದು ಓದುವುದಕ್ಕಿರುವ ಡಿಬೌನ್ಸ್ ಎಂಬ ಪದವನ್ನು ನಾನಿನ್ನೂ ಹೇಳಿಯೇ ಇರಲಿಲ್ಲ.

ಅದಕ್ಕೂ ಮೊದಲಿನ ಬ್ಯಾಚ್‌ಗಳವರು ನಾನು ಹೇಳಿದ ಸಾಲನ್ನು ಸುಮ್ನೆ ಬರೆದುಕೊಂಡು ಹೋದರಲ್ಲ ಎಂದು ಇವತ್ತಿಗೂ ಬೇಸರವಾಗುತ್ತದೆ.

ಈಗ ನಮ್ಮ ಲ್ಯಾಬ್‌ನಲ್ಲಿ ನನ್ನನ್ನು ಕರೆಯುವ ಮೊದಲು ಪಿನ್‌ನಲ್ಲಿ ಎಷ್ಟು ವೋಲ್ಟ್ ಇದೆ ಎಂದು ಅಳೆದು ಬರೆದಿರಬೇಕು. ಅರ್ಧಕ್ಕರ್ಧ ತೊಂದರೆ ಅಲ್ಲೇ ಬಗೆಹರಿಯುತ್ತದೆ. ಕೆಲವು ಉದ್ದದ ಬ್ರೆಡ್‌ಬೋರ್ಡ್‌ಗಳಲ್ಲಿ (ವೈರ್ ಚುಚ್ಚಿ ಸರ್ಕ್ಯೂಟ್ ಜೋಡಿಸುವ ಹಲಗೆ) ಪವರ್ ಸಾಲು ಮಧ್ಯದಲ್ಲಿ ತುಂಡಾಗಿರುತ್ತದೆ. ಅದು ತಿಳಿಯದೆ ಇಡೀ ಮಧ್ಯಾಹ್ನ ಕೋಡ್ ತಿದ್ದಿದವರನ್ನು ನೋಡಿದ್ದೇನೆ. ಮಲ್ಟಿಮೀಟರ್ ಇಟ್ಟರೆ ಒಂದೇ ನಿಮಿಷದ ಕೆಲಸ.

ಇದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ, ನಿಜ. ಎಲ್‌ಸಿಡಿ ಪ್ರಯೋಗವನ್ನು ಕೈಬಿಟ್ಟಿದ್ದೇನೆ. ಆ ಎರಡು ತರಗತಿಗಳಲ್ಲಿ ಈಗ ಸ್ಕೋಪ್ ಬಳಸಲು ಕಲಿಸುತ್ತೇನೆ.