ಹಬೆ ಗುಂಡು ಹುಡುಕಿಕೊಂಡು ಅಲೆಕ್ಸಾಂಡ್ರಿಯಾಕ್ಕೆ

"ಹಬೆ ನೋಡ್ಬೇಕಂದ್ರೆ ಅಡುಗೆಮನೆಗೆ ಬನ್ನಿ, ಇಡ್ಲಿ ಪಾತ್ರೆ ಒಲೆ ಮೇಲಿದೆ. ಅದಕ್ಕೆ ಈಜಿಪ್ಟಿಗೆ ಯಾಕ್ರೀ ಹೋಗ್ಬೇಕು?"

ನಮ್ಮನೆಯವಳು ಕೇಳಿದ್ದು ಸರಿಯಾಗೇ ಇತ್ತು. ನಾನು 28 ವರ್ಷ ರಾಯಚೂರಿನ ಶಕ್ತಿನಗರದ ಥರ್ಮಲ್ ಕರೆಂಟ್ ಸ್ಥಾವರದಲ್ಲಿ ಟರ್ಬೈನ್, ಅಂದ್ರೆ ಹಬೆಯ ಬಲಕ್ಕೆ ತಿರುಗುವ ಯಂತ್ರದ ಮೇಂಟೆನೆನ್ಸ್ ಮಾಡಿದವನು. ಹಬೆ ಬೇಜಾನ್ ನೋಡಿದ್ದೇನೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ ಹಬೆಯನ್ನು ನೋಡಬಾರದು ಅಂತಲೇ ನಮಗೆ ಸಂಬಳ ಕೊಡ್ತಿದ್ದರು. ಪೈಪಿನೊಳಗೆ ಇರಬೇಕಾದ ಹಬೆ ಹೊರಗೆ ಕಂಡಿತು ಅಂದ್ರೆ ಎಲ್ಲೋ ಸೋರ್ತಾ ಇದೆ ಅಂತ ಅರ್ಥ, ಅವತ್ತು ರಾತ್ರಿ ಮನೆ ಮರೆತುಬಿಡಿ ಅಂತ ಅರ್ಥ.

ಆದರೆ ಕೆಲಸಕ್ಕೆ ಸೇರಿದ ಮೊದಲ ವಾರದ ಟ್ರೈನಿಂಗಿನಲ್ಲಿ ಬೋರ್ಡಿನ ಮೇಲೆ ಒಂದು ಚಿತ್ರ ಬರೆದಿದ್ದರು. ಕೆಳಗೆ ಒಂದು ಹಂಡೆ, ಹಂಡೆಯೊಳಗೆ ನೀರು, ಅಡಿಯಲ್ಲಿ ಬೆಂಕಿ. ಮುಚ್ಚಳದಿಂದ ಒಂದು ಕೊಳವೆ ಮೇಲೆದ್ದು, ಬಾಗಿ, ಒಂದು ಟೊಳ್ಳು ಗುಂಡಿನ ಪಕ್ಕೆಗೆ ಸೇರುತ್ತದೆ. ಎದುರು ಪಕ್ಕೆಯಲ್ಲಿ ಗುಂಡನ್ನು ಹಿಡಿದು ನಿಲ್ಲಿಸಲು ಒಂದು ಮೊಳೆಯಂಥ ಆಧಾರ. ಗುಂಡಿಗೆ ಎರಡು ಸಣ್ಣ ಮೂತಿ, ಎರಡೂ ಬಾಗಿದವು, ಒಂದು ಈ ಕಡೆ ಮುಖ ಮಾಡಿದ್ದರೆ ಇನ್ನೊಂದು ಆ ಕಡೆ. ಹಬೆ ಮೂತಿಗಳಿಂದ ನುಗ್ಗಿದಾಗ ಗುಂಡು ಗಿರ್ರನೆ ತಿರುಗುತ್ತದೆ. ದೀಪಾವಳಿಯ ಭೂಚಕ್ರ ನೋಡಿದ್ದೀರಲ್ವಾ? ಅದೇ ಲೆಕ್ಕ. ಕಿಡಿಯ ಬದಲು ಹಬೆ, ಅಷ್ಟೇ ವ್ಯತ್ಯಾಸ. ಇದರ ಹೆಸರು ಏಯೋಲಿಪೈಲ್. ಗ್ರೀಕರ ಗಾಳಿ ದೇವರು ಏಯೋಲಸ್, ಲ್ಯಾಟಿನ್‌ನಲ್ಲಿ ಪಿಲಾ ಅಂದ್ರೆ ಚೆಂಡು. ನಾನು ಹಬೆ ಗುಂಡು ಅಂತಲೇ ಕರೆಯುತ್ತೇನೆ.

ರಿಟೈರ್ ಆದ ಮೇಲೆ ಆ ಚಿತ್ರದ ಊರು ಅಲೆಕ್ಸಾಂಡ್ರಿಯಾ ನೋಡಬೇಕು ಅಂತ ಹುಳ ಹೊಕ್ಕಿತು. ಅಂಥ ಗುಂಡನ್ನು ಮತ್ತೆ ಮಾಡಿ ಇಟ್ಟಿರುವ ಮ್ಯೂಸಿಯಂ ಅಥೆನ್ಸಿನಲ್ಲಿದೆ. ಮಗಳು ಜರ್ಮನಿಯಲ್ಲಿ ಓದುತ್ತಿದ್ದಳು, ಅಥೆನ್ಸಿಗೆ ಬಂದು ಸೇರ್ಕೋತೀನಿ ಅಂದಳು. ಜನವರಿಯಲ್ಲಿ ಹೊರಟೇಬಿಟ್ಟೆವು.

ಕೈರೋದ ರಾಮ್ಸೆಸ್ ಸ್ಟೇಷನ್ನಿನಲ್ಲಿ ನಾವು ಹತ್ತಬೇಕಾದ ರೈಲು ನಮ್ಮ ಕಣ್ಣೆದುರೇ ಹೋಯಿತು. ಪ್ಲಾಟ್‌ಫಾರಂ ನಂಬರ್ ಅರಬ್ಬಿ ಅಂಕಿಯಲ್ಲಿತ್ತು, ನಾನು 5 ಅನ್ನು ಸೊನ್ನೆ ಅಂದುಕೊಂಡೆ. ಅವರ 5 ನಮ್ಮ ಸೊನ್ನೆ ಥರಾನೇ ಇರುತ್ತೆ, ನಿಮಗೂ ಗೊತ್ತಿರಲಿ. ಮುಂದಿನ ರೈಲಿಗೆ ಕೂತು ಮೂರು ಗಂಟೆ ಹತ್ತಿರ ನೈಲ್ ಡೆಲ್ಟಾದ ಹಸಿರು ಗದ್ದೆ ನೋಡುತ್ತಾ ಹೋದೆವು. ತುಂಗಭದ್ರಾ ಎಡದಂಡೆ ಕಾಲುವೆ ಕಡೆಯ ಸೀಮೆ ಹೀಗೇ ಕಾಣುತ್ತೆ ಅಂತ ನಮ್ಮನೆಯವಳು ಎರಡು ಸಲ ಹೇಳಿದಳು. ಅಲೆಕ್ಸಾಂಡ್ರಿಯಾದಲ್ಲಿ ಇಳಿದರೆ ಜೋರು ಮಳೆ. ಈಜಿಪ್ಟ್ ಅಂದ್ರೆ ಮರಳುಗಾಡು ಅಂತ ಕೊಡೆ ತಂದಿರಲಿಲ್ಲ. ಸಮುದ್ರದ ಊರು, ಚಳಿಗಾಲದಲ್ಲೇ ಅಲ್ಲಿ ಮಳೆ. ಇದು ಹೊರಡುವ ಮುಂಚೆ ಓದಬೇಕಿತ್ತು.

ಈ ಗುಂಡಿನ ಬಗ್ಗೆ ಬರೆದಿಟ್ಟವನು ಇದೇ ಊರಿನ ಗ್ರೀಕ್ ಎಂಜಿನಿಯರ್ ಹೆರಾನ್. ಇಂಗ್ಲಿಷಿನವರು ಹೀರೋ ಅಂತಾರೆ, ಟ್ಯಾಕ್ಸಿಯವನಿಗೆ ನಾನು ಹಾಗೇ ಹೇಳಿ ಅವನು ಯಾವುದೋ ಸಿನಿಮಾ ಥಿಯೇಟರ್ ಮುಂದೆ ನಿಲ್ಲಿಸಿದ್ದ. ನಿಮಗೂ ಹೆರಾನ್ ಪರಿಚಯದವನೇ. ಒಂಬತ್ತನೇ ಕ್ಲಾಸಿನಲ್ಲಿ ತ್ರಿಭುಜದ ಮೂರು ಬದಿ ಕೊಟ್ಟು ವಿಸ್ತೀರ್ಣ ಕೇಳ್ತಿದ್ದರಲ್ಲ, ಆ ಹೆರಾನನ ಸೂತ್ರ, ಅದೇ ಹೆರಾನ್. ಅವನು ಯಾವ ಕಾಲದವನು ಅನ್ನೋದೇ ಬಹಳ ದಿನ ಜಗಳದ ವಿಷಯವಾಗಿತ್ತು. ಅದು ಬಗೆಹರಿದ ರೀತಿ ನನಗೆ ತುಂಬಾ ಇಷ್ಟ. ಒಂದೇ ಚಂದ್ರಗ್ರಹಣವನ್ನು ರೋಮಿನಲ್ಲೂ ಅಲೆಕ್ಸಾಂಡ್ರಿಯಾದಲ್ಲೂ ನೋಡಿ ಎರಡು ಊರಿನ ದೂರ ಲೆಕ್ಕ ಹಾಕುವುದು ಹೇಗೆ ಅಂತ ಹೆರಾನ್ ಒಂದು ಕಡೆ ಬರೆದಿದ್ದಾನೆ. ಹಗಲು ರಾತ್ರಿ ಸಮ ಆಗುವ ದಿನಕ್ಕೆ 10 ದಿನ ಮೊದಲು, ಅಲೆಕ್ಸಾಂಡ್ರಿಯಾದಲ್ಲಿ ರಾತ್ರಿ ಶುರುವಾದ ಮೇಲೆ 5ನೇ ಗಂಟೆಗೆ ಗ್ರಹಣ ಅಂತ ವಿವರ ಕೊಟ್ಟಿದ್ದಾನೆ. 1938ರಲ್ಲಿ ನಾಯ್ಗೆಬೌವರ್ ಅನ್ನುವ ಪಂಡಿತರು ಕೂತು ಲೆಕ್ಕ ಹಾಕಿದರೆ ಅದಕ್ಕೆ ಹೊಂದಿದ್ದು ಕ್ರಿ.ಶ. 62ರ ಮಾರ್ಚ್ 13ರ ಗ್ರಹಣ. ಅಲ್ಲಿಗೆ ಹೆಚ್ಚಿನವರು ಹೆರಾನನನ್ನು ಒಂದನೇ ಶತಮಾನದಲ್ಲಿ ಕೂರಿಸಿದರು.

ಅವನು ಓಡಾಡಿದ ಜಾಗ ಅಂತ ತೋರಿಸಲು ಈಗಿನ ಅಲೆಕ್ಸಾಂಡ್ರಿಯಾದಲ್ಲಿ ಏನೂ ಇಲ್ಲ. ಅರಮನೆ ಇದ್ದ ಭಾಗ ಬಂದರಿನ ನೀರಿನ ಕೆಳಗಿದೆ. ದೀಪಸ್ತಂಭ ಇದ್ದ ಜಾಗದಲ್ಲಿ 15ನೇ ಶತಮಾನದ ಖೈತ್‌ಬೇ ಕೋಟೆ. ಕೋಮ್ ಅಲ್ ದಿಕ್ಕಾ ಅನ್ನುವಲ್ಲಿ ನೆಲ ಅಗೆದು ಸಾಲು ಸಾಲು ಪಾಠದ ಕೋಣೆಗಳನ್ನು ತೆಗೆದಿದ್ದಾರೆ. ಕುದುರೆ ಲಾಳದ ಆಕಾರಕ್ಕೆ ಕಲ್ಲಿನ ಮೆಟ್ಟಿಲು, ತುದಿಯಲ್ಲಿ ಮೇಷ್ಟ್ರಿಗೆ ಎತ್ತರದ ಜಾಗ. ನಾನು ಮಳೆಯಲ್ಲೇ ಹೋಗಿ ಮೇಷ್ಟ್ರ ಹತ್ತಿರದ ಮೆಟ್ಟಿಲ ಮೇಲೆ ಕೈಯಿಟ್ಟೆ. ಆ ಕೋಣೆಗಳು ಹೆರಾನ್ ಸತ್ತು ನಾನೂರು ಐನೂರು ವರ್ಷ ಆದ ಮೇಲಿನವು, ಗೊತ್ತು. ಆದರೂ ಅವನ ಬರವಣಿಗೆ ಓದಿದರೆ ಪಾಠದ ನೋಟ್ಸ್ ಥರಾನೇ ಇದೆ. ಹೀಗೊಂದು ಪಾತ್ರೆ ತಗೋ, ಇಲ್ಲೊಂದು ಕೊಳವೆ ಕೂರಿಸು, ಹೀಗಾಗುತ್ತೆ ನೋಡು. ಅಂಥವು ಎಪ್ಪತ್ತಕ್ಕೂ ಜಾಸ್ತಿ ಇವೆ, ನಮ್ಮ ಗುಂಡು ಅವುಗಳ ನಡುವೆ ಒಂದು. ಅದಕ್ಕೆ ಅವನು ವಿಶೇಷ ಮರ್ಯಾದೆ ಏನೂ ಕೊಟ್ಟಿಲ್ಲ.

ಮಾರನೇ ದಿನ ಬಿಸಿಲು ಬಂತು. ಸೆರಾಪಿಸ್ ದೇವರ ಗುಡಿ ಇದ್ದ ದಿಬ್ಬಕ್ಕೆ ಹೋದೆವು. ಈಗ ಅಲ್ಲಿ ಕಣ್ಣಿಗೆ ಬೀಳುವುದು ಆಕಾಶಕ್ಕೆ ಎದ್ದು ನಿಂತ ಒಂದೇ ಒಂದು ಕೆಂಪು ಗ್ರಾನೈಟ್ ಕಂಬ ಮತ್ತು ಸುತ್ತ ಮಲಗಿದ ಬೆಕ್ಕುಗಳು. ಹೆರಾನನ ಕರಾಮತ್ತುಗಳಲ್ಲಿ ಬೇಕಾದಷ್ಟು ಗುಡಿಗೇ ಸಂಬಂಧಪಟ್ಟವು. ಒಂದು ಡಬ್ಬಿಯ ತೂತಿಗೆ 5 ದ್ರಾಕ್ಮಾ ನಾಣ್ಯ ಹಾಕಿದರೆ ಅದು ಒಳಗಿನ ತಟ್ಟೆ ಮೇಲೆ ಬಿದ್ದು, ತಟ್ಟೆ ಬಾಗಿ, ಮುಚ್ಚಳ ಎತ್ತಿ, ಕೈ ತೊಳೆಯಲು ನೀರು ಬರುತ್ತೆ. ನಾಣ್ಯ ಜಾರಿ ಬಿದ್ದ ಕೂಡಲೇ ನೀರು ಬಂದ್. ಇನ್ನೊಂದರಲ್ಲಿ ಪೂಜೆಗೆ ಬೆಂಕಿ ಹಚ್ಚಿದರೆ ಗಾಳಿ ಬಿಸಿಯಾಗಿ ಹಿಗ್ಗಿ ಕೆಳಗಿನ ನೀರನ್ನು ಒಂದು ಬಕೆಟ್ಟಿಗೆ ತಳ್ಳುತ್ತೆ, ಬಕೆಟ್ ಭಾರವಾಗಿ ಹಗ್ಗ ಎಳೆದು ಗುಡಿ ಬಾಗಿಲು ತಾನೇ ತೆರೆಯುತ್ತೆ. ಇವಳು ಇದನ್ನು ಕೇಳಿ "ಹುಂಡಿಗೆ ದುಡ್ಡು ಹಾಕಿದ್ರೆ ತೀರ್ಥ! ಆಗ್ಲೇ ಶುರುವಾಗಿತ್ತಾ?" ಅಂತ ನಕ್ಕಳು. ಇಡೀ ಪ್ರವಾಸದಲ್ಲಿ ಹೆರಾನ್ ಅವಳಿಗೆ ಹಿಡಿಸಿದ್ದು ಅಲ್ಲೊಂದೇ ಕಡೆ.

ಅಲ್ಲಿಂದ ಕೈರೋಗೆ ವಾಪಸ್ ಬಂದು ಅಥೆನ್ಸಿಗೆ ಹಾರಿದೆವು. ಹಾದಿ ಬಗ್ಗೆ ಹೇಳುವಂಥದ್ದೇನಿಲ್ಲ. ಸಿಂತಾಗ್ಮಾ ಮೆಟ್ರೋ ಸ್ಟೇಷನ್ನಿನಲ್ಲಿ ಮಗಳು ಕಾಯ್ತಿದ್ದಳು.

ಸಿಂತಾಗ್ಮಾದಿಂದ ಏರು ರಸ್ತೆಯಲ್ಲಿ ನಡೆದು ಹೋದರೆ ಕೊಲೊನಾಕಿ ಅನ್ನುವ ದುಬಾರಿ ಬಟ್ಟೆ ಅಂಗಡಿಗಳ ಬಡಾವಣೆ ಸಿಗುತ್ತೆ, ಅದರೊಳಗೆ ಕೊತ್ಸಾನಾಸ್ ಮ್ಯೂಸಿಯಂ. ಪ್ರಾಚೀನ ಗ್ರೀಕರ ಯಂತ್ರಗಳನ್ನು ಹಳೇ ಬರಹಗಳ ಆಧಾರದ ಮೇಲೆ ಮತ್ತೆ ಮಾಡಿ ಇಟ್ಟಿದ್ದಾರೆ. ಹೂಜಿ ಹಿಡಿದು ವೈನ್ ಬಗ್ಗಿಸುವ ಹೆಣ್ಣು ಬೊಂಬೆ ಇದೆ, ಎಲ್ಲರೂ ಅದರ ಮುಂದೆ ಗುಂಪು ಕಟ್ತಾರೆ. ನಾನು ಗುಂಡಿನ ಮುಂದೆ ನಿಂತೆ. ಅದು ಸುಮ್ನೆ ನಿಂತಿತ್ತು, ಬೆಂಕಿಯಿಲ್ಲ, ಹಬೆಯಿಲ್ಲ. ನನಗೆ ಅದೇ ಒಳ್ಳೇದಾಯ್ತು. ಮೆಷಿನ್ ನಿಂತಾಗಲೇ ಅಲ್ವಾ ಸರಿಯಾಗಿ ನೋಡೋಕಾಗೋದು?

ಎಲ್ಲರೂ ಮೂತಿ ನೋಡ್ತಾರೆ. ನನ್ನ ಕಣ್ಣು ಹೋಗಿದ್ದು ಕೊಳವೆ ಗುಂಡಿನೊಳಗೆ ಹೋಗುವ ಜಾಗಕ್ಕೆ. ಕೊಳವೆ ಅಲ್ಲಾಡುವುದಿಲ್ಲ, ಗುಂಡು ತಿರುಗುತ್ತೆ. ಹಬೆ ಅಲ್ಲಾಡದ ಕಡೆಯಿಂದ ತಿರುಗುವ ಕಡೆಗೆ ದಾಟಬೇಕು. ಅಲ್ಲಿ ಬಿಗಿಯಾಗಿ ಕೂರಿಸಿದಿರೋ, ತಿಕ್ಕಾಟಕ್ಕೆ ಗುಂಡು ತಿರುಗೋದೇ ಇಲ್ಲ. ಸಡಿಲ ಬಿಟ್ಟಿರೋ, ಹಬೆ ಮೂತಿಗೆ ಹೋಗುವ ಬದಲು ಅಲ್ಲೇ ಪುಸ್ಸಂತ ಹೋಗುತ್ತೆ. ನಮ್ಮ ಭಾಷೆಯಲ್ಲಿ ಇದು ಗ್ಲ್ಯಾಂಡ್ ಲೀಕ್. ಶಕ್ತಿನಗರದ 210 ಮೆಗಾವ್ಯಾಟ್ ಟರ್ಬೈನ್ ಸೆಟ್ಟುಗಳಲ್ಲೂ ಇದೇ ರಗಳೆ. ಶಾಫ್ಟ್ ಅನ್ನುವ ನಡುವಿನ ದಂಡ ನಿಮಿಷಕ್ಕೆ 3000 ಸುತ್ತು ತಿರುಗುತ್ತೆ, ಅದು ಕೇಸಿಂಗ್ ಅನ್ನುವ ಹೊರಕವಚದಿಂದ ಹೊರಬರುವ ಕಡೆ ಹಲ್ಲು ಹಲ್ಲಿನ ಸೀಲ್ ಇಟ್ಟು, ಕೂದಲೆಳೆಯಷ್ಟು ಸಂದು ಬಿಟ್ಟು, ಒಂದಕ್ಕೊಂದು ಮುಟ್ಟದಂತೆಯೂ ಹಬೆ ಜಾಸ್ತಿ ನುಸುಳದಂತೆಯೂ ನೋಡಬೇಕು. ಪ್ರತಿ ಓವರ್‌ಹಾಲಿನಲ್ಲೂ ಮಂಡಿಯೂರಿ ಫೀಲರ್ ಗೇಜ್ ಅನ್ನುವ ತೆಳು ಅಳತೆ ಪಟ್ಟಿ ತೂರಿಸಿ ಆ ಸಂದು ಅಳೆದವನು ನಾನು. ಕ್ರಿ.ಶ. 62ರವನ ಕಷ್ಟ, ನನ್ನ ಕಷ್ಟ ಒಂದೇ ಜಾಗದಲ್ಲಿತ್ತು ಅಂತ ತಿಳಿದು ಅಲ್ಲೇ ನಗು ಬಂತು. ಗಾಜಿನ ಹತ್ತಿರ ಮೂಗು ಇಟ್ಟು ನಗ್ತಿದ್ದ ನನ್ನನ್ನು ನೋಡಿ ಮಗಳು ಎರಡು ಹೆಜ್ಜೆ ದೂರ ಸರಿದಳು.

"ಅಪ್ಪ, ಇದನ್ನ ಇಟ್ಕೊಂಡು ಆಗ್ಲೇ ರೈಲು ಓಡಿಸ್ಬೋದಿತ್ತಲ್ಲ? ಗುಲಾಮರಿದ್ರು ಅಂತ ಸುಮ್ನಾದ್ರಂತೆ?"

ಈ ಮಾತು ಎಲ್ಲಾ ಕಡೆ ಓಡಾಡುತ್ತೆ. ನನಗೆ ಒಪ್ಪಿಗೆಯಿಲ್ಲ. ಅವಳಿಗೆ ಕಾಫಿ ಅಂಗಡಿಯಲ್ಲಿ ಪೇಪರ್ ನ್ಯಾಪ್ಕಿನ್ ಮೇಲೆ ಲೆಕ್ಕ ಬರೆದು ತೋರಿಸಿದೆ. ಲ್ಯಾಂಡೆಲ್ಸ್ ಅನ್ನುವ ಬ್ರಿಟಿಷ್ ವಿದ್ವಾಂಸರು ಇಂಥದ್ದೇ ಮಾದರಿ ಮಾಡಿಸಿ ತಿರುಗಿಸಿದಾಗ ನಿಮಿಷಕ್ಕೆ 1500 ಸುತ್ತು ಬಂದಿತ್ತು. ಜೋರೇ ಅದು. ಆದರೆ ಗುಂಡು ಒಂದಡಿ ಅಗಲ ಅಂದುಕೊಂಡರೂ ಅದರ ಅಂಚಿನ ವೇಗ ಸೆಕೆಂಡಿಗೆ 25 ಮೀಟರ್ ದಾಟುವುದಿಲ್ಲ. ಹಬೆಯೋ, ಸ್ವಲ್ಪ ಒತ್ತಡ ಸಿಕ್ಕರೆ ಸಾಕು, ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಹಾರುತ್ತೆ. ಮೂತಿಯೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಹಿಂದಕ್ಕೆ ಓಡಿದರೆ ಮಾತ್ರ ಹಬೆಯ ಶಕ್ತಿ ಕೈಗೆ ಸಿಗುತ್ತೆ, ಇಲ್ಲಾಂದ್ರೆ ಹಬೆ ತನ್ನ ಶಕ್ತಿಯನ್ನೆಲ್ಲ ಹೊತ್ತುಕೊಂಡೇ ಹೊರಗೆ ಹೋಯ್ತು. ರೈಲು ಇರಲಿ, ಖಾರ ರುಬ್ಬೋದಕ್ಕೂ ಆ ಗುಂಡಿನ ಕೈಲಿ ಆಗಲ್ಲ, ಸೌದೆ ಮಾತ್ರ ಗಾಡಿಗಟ್ಟಲೆ ಉರಿಯುತ್ತೆ. ಒತ್ತಡ ತಡೆಯುವ ಬಾಯ್ಲರ್ ಕೂಡ ಆಗ ಇರಲಿಲ್ಲ.

ಹಬೆ ಯಂತ್ರ ನಿಜವಾಗಿ ಬೇರೆ ದಾರಿಯಲ್ಲಿ ಬಂತು. 1712ರಲ್ಲಿ ನ್ಯೂಕೊಮೆನ್ ಇಂಗ್ಲೆಂಡಿನ ಕಲ್ಲಿದ್ದಲು ಗಣಿಯ ನೀರೆತ್ತಲು ಮಾಡಿದ್ದರಲ್ಲಿ ತಿರುಗುವುದೇ ಏನಿಲ್ಲ. ಸಿಲಿಂಡರಿನಲ್ಲಿ ಹಬೆ ತುಂಬಿಸಿ, ತಣ್ಣೀರು ಚಿಮ್ಮಿಸಿ ಅದನ್ನು ನೀರಾಗಿಸಿದರೆ ಒಳಗೆ ಖಾಲಿ, ಮೇಲಿನ ಗಾಳಿಯ ಭಾರವೇ ಪಿಸ್ಟನ್ನನ್ನು ಕೆಳಗೆ ಒತ್ತುತ್ತೆ. ಗಾಳಿಗೆ ಭಾರವಿದೆ ಅಂತ ಟೊರಿಚೆಲ್ಲಿ 17ನೇ ಶತಮಾನದಲ್ಲಿ ತೋರಿಸಿದ ಮೇಲೆ ಹುಟ್ಟಿದ ಯೋಚನೆ ಇದು, ಹೆರಾನನ ಗುಂಡಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಜೇಮ್ಸ್ ವಾಟ್ ಸುಧಾರಿಸಿದ್ದೂ ಈ ಪಿಸ್ಟನ್ ವಂಶವನ್ನೇ. ಕೆಂಪೆಲೆನ್ ಅನ್ನುವವನು ಹೆರಾನ್ ಥರದ ತಿರುಗುವ ಯಂತ್ರ ಮಾಡ್ತಿದ್ದಾನೆ ಅಂತ ಸುದ್ದಿ ಬಂದಾಗ ವಾಟ್ ನನ್ನ ನ್ಯಾಪ್ಕಿನ್ ಲೆಕ್ಕವನ್ನೇ ಹಾಕಿ, ಅಷ್ಟು ವೇಗ ಯಾರ ಕೈಲೂ ಆಗಲ್ಲ ಅಂತ ನಿಶ್ಚಿಂತನಾದ.

ಅವನ ಲೆಕ್ಕ ಸರಿ. ಆದರೆ 1883ರಲ್ಲಿ ಸ್ವೀಡನ್ನಿನ ಡಿ ಲಾವಲ್ ಎಸ್ ಆಕಾರದ ಕೊಳವೆಯ, ಅಪ್ಪಟ ಹೆರಾನ್ ಜಾತಿಯ ಟರ್ಬೈನ್ ಮಾಡಿ ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರ ತಿರುಗಿಸಿದ. ಆ ಕೆಲಸಕ್ಕೆ ವೇಗವೇ ತಾನೇ ಬೇಕಾಗಿದ್ದು! 1884ರಲ್ಲಿ ಪಾರ್ಸನ್ಸ್ ಅನ್ನುವ ಎಂಜಿನಿಯರ್ ಬಂದು ಗಂಟನ್ನು ಪೂರ್ತಿ ಬಿಡಿಸಿದ. ಹಬೆಯ ಒತ್ತಡವನ್ನು ಒಂದೇ ಏಟಿಗೆ ಇಳಿಸದೆ, ಸಾಲು ಸಾಲು ಬ್ಲೇಡುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ಯಾವ ಸಾಲಿನಲ್ಲೂ ವೇಗ ಹದ್ದು ಮೀರುವುದಿಲ್ಲ. ನಾನು ಅನ್ನ ತಿಂದಿದ್ದು ಈ ಉಪಾಯದಿಂದಲೇ. ಮಗಳು ನ್ಯಾಪ್ಕಿನ್ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಓದ್ತಾಳೋ ಇಲ್ವೋ.

ಊರಿಗೆ ಬಂದು ಎರಡು ದಿನಕ್ಕೆ ಒಂದು ಕೋಲಾ ಡಬ್ಬಿ ತಂದೆ. ಬಾಯಿ ತೆರೆಯದೆ, ಮೇಲ್ಭಾಗದಲ್ಲಿ ಎದುರುಬದುರು ಎರಡು ತೂತು ಮೊಳೆಯಿಂದ ಹೊಡೆದು, ಮೊಳೆ ಕೀಳುವ ಮುಂಚೆ ಎರಡು ಕಡೆಯೂ ಡಬ್ಬಿಯ ಸುತ್ತ ಒಂದೇ ಸುತ್ತಿನ ದಿಕ್ಕಿಗೆ ಬಾಗಿಸಿ ತೂತನ್ನು ಓರೆ ಮಾಡಿದೆ. ಕೋಲಾ ಚೆಲ್ಲಿ, ಎರಡು ಚಮಚದಷ್ಟು ನೀರು ಸೇರಿಸಿ, ಮೇಲಿನ ಕೊಂಡಿಗೆ ದಾರ ಕಟ್ಟಿ ಗ್ಯಾಸ್ ಒಲೆ ಮೇಲೆ ಕೋಲಿನಿಂದ ತೂಗಿ ಹಿಡಿದೆ. ಮೊದಲು ಏನೂ ಇಲ್ಲ. ಆಮೇಲೆ ಒಳಗೆ ಗುಳುಗುಳು. ಒಂದು ತೂತಿನಿಂದ ನೂಲಿನಂಥ ಹಬೆ, ಮತ್ತೆ ಇನ್ನೊಂದರಿಂದ. ಡಬ್ಬಿ ಅನುಮಾನದಿಂದ ಒಂದು ಸುತ್ತು ಬಂತು, ಆಮೇಲೆ ಬಣ್ಣ ಕಲೆಸಿ ಹೋಗುವಷ್ಟು ಜೋರಾಗಿ ತಿರುಗಿತು. ಇವಳು ಕೈಯಲ್ಲಿ ಸೌಟು ಹಿಡಿದೇ ನೋಡುತ್ತಾ ನಿಂತಳು.

ನೀರು ಡಬ್ಬಿಯೊಳಗೇ ಇರೋದರಿಂದ ಹೆರಾನನ ಜೋಡಣೆ ಇಲ್ಲಿಲ್ಲ, ಲೀಕ್ ಇಲ್ಲ. ಹೊರಗಿಂದ ನೀರು ಕೊಡುವ ಹಾಗಿಲ್ಲದ್ದರಿಂದ ಎರಡೇ ನಿಮಿಷದ ಆಟ. ಅದಕ್ಕೂ ಮೊದಲೇ ದಾರ ಹುರಿಗೊಂಡು ಗಂಟಾಗಿ, ಹಬೆ ಬರ್ತಾ ಇದ್ದ ಹಾಗೇ ಡಬ್ಬಿ ನಿಂತುಬಿಟ್ಟಿತು. ಗ್ಯಾಸ್ ಆರಿಸಿದ ಮೇಲೆ ನಿಧಾನಕ್ಕೆ ಉಲ್ಟಾ ತಿರುಗಲು ಶುರು ಮಾಡಿತು.

"ದಾರದ ಬದಲು ಬೇರಿಂಗ್ ಹಾಕಿ ಮತ್ತೆ" ಅಂದಳು.

ನೋಡಿ, ಅಲ್ಲಿಗೇ ಬಂತು. ಪೇಟೆಯಲ್ಲಿ ಎರಡು ಅಂಗಡಿ ಕೇಳಿದೆ, ಅಷ್ಟು ಸಣ್ಣ ಬೇರಿಂಗ್ ಇಲ್ಲ ಅಂದರು. ಹಳೇ ಮಿಕ್ಸಿ ರಿಪೇರಿಯವನ ಹತ್ತಿರ ಇರಬಹುದಂತೆ, ಸೋಮವಾರ ಬರೋಕೆ ಹೇಳಿದ್ದಾನೆ.