ನಾಲ್ಕು ಬೆಕ್ಕಿನ ಮರಿಗಳಿಗೆ ಮನೆ ಹುಡುಕುವ ಕೆಲಸ: ಜೂನ್‌ನಿಂದ ದಸರಾವರೆಗೆ

ಜೂನ್

ನಮ್ಮ ಬೀದಿಯ ಪಟ್ಟೆ ಬೆಕ್ಕು ಸ್ಟೋರ್ ರೂಮಿನ ಹಳೇ ಪೇಪರ್ ಕಟ್ಟಿನ ಮೇಲೆ ನಾಲ್ಕು ಮರಿ ಹಾಕಿದೆ. ಮರಿ ಹಾಕಿದ ಬೆಕ್ಕು ಏಳು ಮನೆ ಬದಲಾಯಿಸುತ್ತೆ ಅಂತ ನಮ್ಮ ಮೈಸೂರು ಕಡೆ ಹೇಳ್ತಾರೆ. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಗಲಾಟೆ ಆದರೆ, ಪದೇ ಪದೇ ಬೆಳಕು ಬಿದ್ದರೆ ತಾಯಿ ಒಂದೊಂದನ್ನೇ ಕತ್ತಿನ ಹತ್ತಿರ ಕಚ್ಚಿಕೊಂಡು ಹೊರಟೇಬಿಡುತ್ತದೆ. ಹೀಗೆ ಪಕ್ಕದ ಮನೆ ತಾರಸಿಗೋ ಚರಂಡಿ ಪೈಪಿಗೋ ಹೋದರೆ ಮರಿಗಳು ಮನುಷ್ಯರ ಕೈ ಕಾಣದೆ ಕಾಡುಬೆಕ್ಕಿನ ಹಾಗೆ ಬೆಳೆಯುತ್ತವೆ. ಆಮೇಲೆ ಅವಕ್ಕೆ ಮನೆ ಹುಡುಕುವುದು ಬಲು ಕಷ್ಟ. ಅದಕ್ಕೇ ಸ್ಟೋರ್ ರೂಮಿನ ಬಲ್ಬು ತೆಗೆದಿದ್ದೇವೆ. ಬಾಗಿಲ ಸಂದಿನಲ್ಲಿ ತಾಯಿಗೆ ಅನ್ನ-ಮೀನು ಇಟ್ಟು ಸುಮ್ಮನೆ ಬರುತ್ತೇವೆ.

ತಾಯಿ ಆಚೆ ಹೋದಾಗ ಮಾತ್ರ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ. ಬೆಕ್ಕಿನ ಮರಿ ಹುಟ್ಟಿದಾಗ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಕರಿ ಮರಿ ಸ್ವಲ್ಪ ಹಿಂದೆ, ಉಳಿದವು ಸರಿಯಾಗಿವೆ.

ಪಕ್ಕದ ಮನೆಯವರ ಸಲಹೆ: "ಗೋಣಿಚೀಲಕ್ಕೆ ಹಾಕಿ ಮಾರ್ಕೆಟ್ ಹತ್ರ ಬಿಟ್ಟು ಬನ್ನಿ ಸಾರ್, ಮೀನಂಗಡಿ ಇದೆ, ಬದುಕ್ಕೊಳ್ತವೆ." ಬದುಕುವುದಿಲ್ಲ. ಹಾಲು ಕುಡಿಯುವ ಮರಿ ಮೀನಂಗಡಿ ಮುಂದೆ ಏನು ತಿನ್ನುತ್ತೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ, ಹಸಿವು-ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಬರುವುದೂ ಅಪರಾಧ. ಅದನ್ನು ಹೇಳಿದ್ದಕ್ಕೆ ನಕ್ಕರು. ನಗಲಿ.

ಜುಲೈ

ಕಣ್ಣು ಬಿಟ್ಟಾಗಿದೆ. ಎಲ್ಲಕ್ಕೂ ಈಗ ನೀಲಿ ಕಣ್ಣು, ನೋಡಿದವರೆಲ್ಲ "ಫಾರಿನ್ ತಳಿನಾ?" ಅಂತ ಕೇಳುತ್ತಾರೆ. ಎಲ್ಲ ಮರಿಗಳಿಗೂ ಮೊದಲು ನೀಲಿಯೇ, ಒಂದೂವರೆ ತಿಂಗಳ ಹೊತ್ತಿಗೆ ನಿಜವಾದ ಬಣ್ಣ ಬರಲು ಶುರುವಾಗುತ್ತದೆ. ಈ ನೀಲಿ ನೋಡಿ ಮಾರುಹೋಗುವವರಿಗೆ ಮರಿ ಕೊಡುವುದಿಲ್ಲ ಅಂತ ಆಗಲೇ ತೀರ್ಮಾನಿಸಿದೆ.

ಬಾಲ ಎತ್ತಿ ನೋಡಿದ್ದೂ ಆಯಿತು. ಮಲದ್ವಾರಕ್ಕೂ ಅದರ ಕೆಳಗಿನ ಮೂತ್ರದ್ವಾರಕ್ಕೂ ನಡುವೆ ಅಂತರ ಕಮ್ಮಿ ಇದ್ದರೆ ಹೆಣ್ಣು, ಜಾಸ್ತಿ ಇದ್ದರೆ ಗಂಡು. ಕೆಂಪು ಮರಿ ಗಂಡು, ಹೆಸರು ಬೆಲ್ಲ. ಪಟ್ಟೆಯದೂ ಗಂಡು. ಮೂರು ಬಣ್ಣದ್ದು ರಂಗಿ, ಹೆಣ್ಣು. ಮೂರು ಬಣ್ಣದವು ಹೆಚ್ಚುಕಮ್ಮಿ ಎಲ್ಲವೂ ಹೆಣ್ಣೇ. ಕೆಂಪು ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಕೆಂಪೂ ಕಪ್ಪೂ ಒಂದೇ ಮೈಮೇಲೆ ಬರಬೇಕಾದರೆ ಎರಡು ಎಕ್ಸ್ ಬೇಕು, ಎರಡಿರುವುದು ಸಾಮಾನ್ಯವಾಗಿ ಹೆಣ್ಣಿಗೇ. ಕರಿಯದರ ಹೆಸರು ಕಾಡಿಗೆ, ಅದೂ ಹೆಣ್ಣು.

ಈ ತಿಂಗಳ ಮುಖ್ಯ ಕೆಲಸ ಮರಿಗಳಿಗೆ ಮನುಷ್ಯರ ಅಭ್ಯಾಸ ಮಾಡಿಸುವುದು. ಎರಡನೇ ವಾರದಿಂದ ಏಳನೇ ವಾರದ ತನಕ ಏನನ್ನು ಕಾಣುತ್ತವೋ ಅದಕ್ಕೆ ಜೀವನವಿಡೀ ಹೆದರುವುದು ಕಮ್ಮಿ. ಮಿಕ್ಸಿ ಶಬ್ದ, ಕುಕ್ಕರ್ ಸೀಟಿ, ಪೌರಕಾರ್ಮಿಕರ ವಿಷಲ್, ಮನೆಗೆ ಬಂದ ಮಕ್ಕಳು, ಎಲ್ಲವನ್ನೂ ದಿನಾ ಸ್ವಲ್ಪ ಸ್ವಲ್ಪ. ಕಾಡಿಗೆ ಮಾತ್ರ ಕುಕ್ಕರ್ ಕೂಗಿದರೆ ಅಕ್ಕಿ ಡ್ರಮ್ಮಿನ ಹಿಂದೆ.

ಟ್ರೇ ಅಭ್ಯಾಸಕ್ಕೆ ಹಳೇ ಪ್ಲಾಸ್ಟಿಕ್ ಟಬ್ಬು, ಜರಡಿ ಹಿಡಿದ ಮರಳು. ಯಾರೂ ಕಲಿಸಬೇಕಿಲ್ಲ. ಊಟ ಆದ ತಕ್ಷಣ ಅದರಲ್ಲಿ ಕೂರಿಸಿದರೆ ತಾವೇ ಕೆರೆಯುತ್ತವೆ. ಬೆಲ್ಲ ಮುಚ್ಚುವ ಉತ್ಸಾಹದಲ್ಲಿ ಮರಳನ್ನೆಲ್ಲ ಆಚೆ ಎರಚಿ, ಮುಚ್ಚಬೇಕಾದ್ದನ್ನು ಅಲ್ಲೇ ಬಿಟ್ಟು ಬರುತ್ತಾನೆ.

ಎದುರು ಮನೆ ಆಂಟಿ ಪ್ರೀತಿಯಿಂದ ಒಂದು ಬಟ್ಟಲು ಹಸುವಿನ ಹಾಲು ತಂದಿದ್ದರು. "ಆಂಟಿ, ಇವಕ್ಕೆ ಭೇದಿ ಆಗುತ್ತೆ, ತಾಯಿ ಹಾಲೇ ಸಾಕು" ಅಂದೆ. ನಂಬಲಿಲ್ಲ. ಆ ಹಾಲಲ್ಲಿ ನಮಗೇ ಕಾಫಿ ಆಯಿತು.

ಆಗಸ್ಟ್

ಎಂಟು ವಾರ ತುಂಬಿದೆ. ಮೊದಲನೇ ಲಸಿಕೆ ಹಾಕಿಸಿದ್ದೇವೆ: ಪ್ಯಾನ್‌ಲ್ಯುಕೋಪೀನಿಯ, ಹರ್ಪಿಸ್, ಕ್ಯಾಲಿಸಿ ಅಂತ ಬೆಕ್ಕಿಗೆ ಬರುವ ಮೂರು ವೈರಸ್ ಕಾಯಿಲೆಗಳಿಗೂ ಸೇರಿ ಒಂದೇ ಚುಚ್ಚುಮದ್ದು. ಮೂರು-ನಾಲ್ಕು ವಾರ ಬಿಟ್ಟು ಮತ್ತೊಂದು, ಮೂರು ತಿಂಗಳು ತುಂಬಿದ ಮೇಲೆ ರೇಬೀಸ್‌ನದು. ಜಂತುಹುಳು ಔಷಧಿ ಮೊದಲಿಂದಲೂ ನಡೆಯುತ್ತಿದೆ. ಪ್ರತಿ ಮರಿಗೂ ಒಂದು ಕಾರ್ಡು. ಮರಿ ಹೋದಲ್ಲಿಗೆ ಕಾರ್ಡೂ ಹೋಗಬೇಕು.

ಈಗ ಮನೆಗಳ ವಿಷಯ. ಕೇಳುವವರಿಗೆ ಬರವಿಲ್ಲ, ಎಲ್ಲರೂ ಕೇಳುವುದು ಬೆಲ್ಲನನ್ನೇ. ದಿನಸಿ ಅಂಗಡಿಯವರೊಬ್ಬರು ಬಂದರು: "ಗೋಡೌನಿನಲ್ಲಿ ಇಲಿ ಕಾಟ, ಒಂದು ಕೊಡಿ." ಇಲಿಗೆ ಈಗ ಏನು ಮಾಡ್ತಿದ್ದೀರಿ ಅಂದರೆ, ಪಾಷಾಣ ಇಟ್ಟಿದ್ದೀವಿ ಅಂದರು. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕಿಗೂ ಅದೇ ಗತಿ. ಕೊಡಲಿಲ್ಲ. ಇನ್ನೊಬ್ಬರಿಗೆ ಮಗಳ ಬರ್ತ್‌ಡೇಗೆ ಸರ್ಪ್ರೈಸ್ ಆಗಿ ಬೇಕಿತ್ತು, ಹೆಂಡತಿಗೂ ಹೇಳಿರಲಿಲ್ಲ. ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ ಅಂದೆ, ಬರಲಿಲ್ಲ.

ಎಷ್ಟೋ ಪ್ರಶ್ನೆ ಕೇಳಿ ನೋಡಿದ ಮೇಲೆ ನನಗೆ ಅತಿ ಉಪಯೋಗಕ್ಕೆ ಬಂದದ್ದು ಒಂದೇ ಪ್ರಶ್ನೆ: "ಹಬ್ಬಕ್ಕೆ ಊರಿಗೆ ಹೋದಾಗ ಬೆಕ್ಕು ಎಲ್ಲಿರುತ್ತೆ?" ಬೆಕ್ಕು ಇಷ್ಟಾನಾ ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಈ ಪ್ರಶ್ನೆಗೆ ಮಾತ್ರ ಮುಖದಲ್ಲೇ ಉತ್ತರ ಸಿಗುತ್ತದೆ. "ಅದೇನು ಸಾರ್, ಆಚೆ ಬಿಟ್ಟು ಹೋಗ್ತೀವಿ, ಬೆಕ್ಕು ತಾನೇ" ಅಂದವರು ಅಲ್ಲಿಗೇ ಮುಗಿಯಿತು. "ನಮ್ಮತ್ತೆ ಮನೇಲೇ ಇರ್ತಾರೆ" ಅಂದವರ ಹತ್ತಿರ ಮಾತು ಮುಂದುವರಿಯುತ್ತದೆ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ನಾನೇ ಫೋನಿನಲ್ಲಿ ಮಾತಾಡುತ್ತೇನೆ. ಓನರ್ ತಕರಾರು ಮಾಡಿದ ದಿನ ಮೊದಲು ಬೀದಿಗೆ ಬೀಳುವುದು ಬೆಕ್ಕು.

ಬೆಲ್ಲ ಮತ್ತು ಪಟ್ಟೆ ಜೊತೆಯಾಗಿ ಬೆಂಗಳೂರಿಗೆ ಹೋಗಿದ್ದಾರೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅಂಥ ಮನೆಗೆ ಒಂದೇ ಮರಿ ಕೊಟ್ಟರೆ ಅದು ಇಡೀ ದಿನ ಕೂಗಿ, ಸೋಫಾ ಹರಿದು, ಸಂಜೆ ಅವರ ಕಾಲು ಕಚ್ಚುತ್ತದೆ. ಎರಡಿದ್ದರೆ ತಮ್ಮತಮ್ಮಲ್ಲೇ ಕುಸ್ತಿ ಆಡಿ ಮಲಗುತ್ತವೆ. ಆದರೆ ಫ್ಲ್ಯಾಟು ಎಂಟನೇ ಮಹಡಿಯಲ್ಲಿ. ಮರಿ ಕೊಡುವ ಮುಂಚೆ ಬಾಲ್ಕನಿ ನೋಡಿ ಬಂದೆ. ಪಾರಿವಾಳಕ್ಕೆ ಕಟ್ಟಿಸಿದ ನೈಲಾನ್ ನೆಟ್ ಇತ್ತು, ಕೆಳಗಿನ ಮೂಲೆಯಲ್ಲಿ ಕೊಕ್ಕೆ ಬಿಟ್ಟುಕೊಂಡು ನನ್ನ ಅಂಗೈ ತೂರುವಷ್ಟು ಸಂದು. ಮರಿಯ ತಲೆ ತೂರಿದಲ್ಲಿ ಮೈ ತೂರುತ್ತದೆ, ಜೊತೆಗೆ ನೈಲಾನನ್ನು ಕಚ್ಚಿ ಕತ್ತರಿಸಬಲ್ಲವು. ತಂತಿ ಜಾಲರಿ ಹಾಕಿಸಿ ಫೋಟೋ ಕಳಿಸಿ ಅಂದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂದುಕೊಂಡಿದ್ದೆ. ಜಾಲರಿ ಹಾಕಿಸಿ, ಕಿಟಕಿಗಳದ್ದೂ ಸೇರಿಸಿ ಫೋಟೋ ಕಳಿಸಿದರು. ಆಮೇಲೇ ಬುಟ್ಟಿ ಕಾರು ಹತ್ತಿತು. ಮಂಡ್ಯದವರೆಗೂ ಬೆಲ್ಲನ ರಾಗ.

ಸೆಪ್ಟೆಂಬರ್

ರಂಗಿಯನ್ನು ಕೇಳಿಕೊಂಡು ಬಂದವರು ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬರೇ ಇರುವುದು. ನಾನು ಕೇಳಬೇಕಾದ್ದನ್ನು ಅವರೇ ಮೊದಲು ಕೇಳಿದರು: "ಇದು ಎಷ್ಟು ವರ್ಷ ಬದುಕುತ್ತಪ್ಪ?" ಮನೆಯೊಳಗೇ ಇದ್ದರೆ ಹದಿನೈದು ವರ್ಷ ಬದುಕಬಹುದು ಅಂದೆ. ಬೆರಳು ಮಡಿಸಿ ಲೆಕ್ಕ ಹಾಕಿದರು. ಮಾರನೇ ದಿನ ಮಗಳನ್ನು ಕರೆದುಕೊಂಡು ಬಂದರು. ಅವರು ಎರಡು ಬೀದಿ ಆಚೆ ಇದ್ದಾರೆ. "ಅಪ್ಪನ ಕೈಲಿ ಆಗದಿದ್ದಾಗ ನಾನು ನೋಡ್ಕೋತೀನಿ ಅಣ್ಣ" ಅಂತ ಅವರೇ ಹಾಳೆಯಲ್ಲಿ ಬರೆದು ಸಹಿ ಹಾಕಿದರು. ಹಿತ್ತಲಲ್ಲಿ ತೆರೆದ ಬಾವಿ ಇತ್ತು, ಅದಕ್ಕೆ ಕಬ್ಬಿಣದ ಜಾಲರಿ ಮುಚ್ಚಿಸಿದ ಮೇಲೆ ರಂಗಿ ಹೋದಳು.

ಮರಿ ಜೊತೆ ಒಂದು ಚೀಟಿಯನ್ನೂ ಕೊಡುತ್ತಿದ್ದೇನೆ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಬೇಡ. ಲಿಲಿ ಗಿಡ ಮನೆಯಲ್ಲಿದ್ದರೆ ಆಚೆ ಹಾಕಿ, ಎಲೆ, ಹೂವು, ಪರಾಗ ಎಲ್ಲವೂ ಮೂತ್ರಪಿಂಡ ಕೆಡಿಸುತ್ತವೆ. ನಾಯಿಗೆ ಹಾಕುವ ಉಣ್ಣಿ ಹುಳದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಮರಿಗೆ ಐದು ತಿಂಗಳು ತುಂಬುವುದರೊಳಗೆ ಸಂತಾನಹರಣ ಆಪರೇಷನ್ ಮಾಡಿಸಿ. ಕೊನೆಯ ಸಾಲು ದಪ್ಪ ಅಕ್ಷರದಲ್ಲಿ: ಆಗುವುದಿಲ್ಲ ಅನ್ನಿಸಿದರೆ ಬೇರೆಯವರಿಗೆ ಕೊಡಬೇಡಿ, ನನಗೇ ವಾಪಸ್ ಕೊಡಿ, ಯಾಕೆ ಅಂತ ಕೇಳುವುದಿಲ್ಲ.

ತಾಯಿಯ ಆಪರೇಷನ್ನೂ ಆಯಿತು. ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ನೀರಲ್ಲಿ ಹೋಮ. ಬೆಕ್ಕು ಗಬ್ಬವಾಗಿರುವುದು ಎರಡು ತಿಂಗಳು ಚಿಲ್ಲರೆ, ಮರಿಗಳಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಗುರುತಿಗೆ ಎಡಗಿವಿಯ ತುದಿಯನ್ನು ಒಂದಿಷ್ಟು ಕತ್ತರಿಸಿದ್ದಾರೆ, ಇನ್ನು ಯಾರೂ ಹಿಡಿದು ಮತ್ತೆ ಹೊಟ್ಟೆ ಕೊಯ್ಯಿಸುವಂತಿಲ್ಲ. ಈಗ ಹೊಟ್ಟೆ ಮೇಲೆ ಬೋಳು ಚೌಕ, ಮುಖದಲ್ಲಿ ನಮ್ಮ ಮೇಲೆ ಕೋಪ.

ಇವತ್ತಿನ ಸ್ಥಿತಿ

ಕಾಡಿಗೆ ಇನ್ನೂ ಇಲ್ಲೇ ಇದ್ದಾಳೆ. ಕರಿ ಬೆಕ್ಕು ಅಡ್ಡ ಬಂದರೆ ಕೆಲಸ ಕೆಡುತ್ತೆ ಅನ್ನುವವರು ದೂರದಿಂದಲೇ ಕೈಮುಗಿದರು. ಒಬ್ಬರು ಮಾತ್ರ, "ಪೂರ್ತಿ ಕಪ್ಪು ತಾನೇ? ಒಂದು ಬಿಳಿ ಕೂದಲೂ ಇಲ್ಲ ತಾನೇ? ಅಮಾವಾಸ್ಯೆ ಒಳಗೆ ಕೊಡ್ತೀರಾ?" ಅಂತ ಫೋನಿನಲ್ಲಿ ಕೇಳಿದರು. ಅವರ ನಂಬರ್ ಬ್ಲಾಕ್ ಮಾಡಿದ್ದೇನೆ.

ದಸರಾಕ್ಕೆ ಮನೆ ತುಂಬ ನೆಂಟರು, ಹಿಂದೆಯೇ ದೀಪಾವಳಿ ಪಟಾಕಿ. ಕುಕ್ಕರಿಗೇ ಓಡುವವಳನ್ನು ಈ ಗದ್ದಲದಲ್ಲಿ ಹೊಸ ಮನೆಗೆ ಕಳಿಸುವುದಿಲ್ಲ. ಹೆಬ್ಬಾಳದ ಕಡೆಯ ಒಂದು ಮನೆಯವರು ಎರಡು ಸಲ ಬಂದು ನೋಡಿ ಹೋಗಿದ್ದಾರೆ. ಅವರ ಮನೆಯಲ್ಲಿ ಆಗಲೇ ಒಂದು ವಯಸ್ಸಾದ ಬೆಕ್ಕಿದೆ. ಅದರ ಲಸಿಕೆ ಕಾರ್ಡು ನೋಡಬೇಕು, ಕಾಡಿಗೆಯನ್ನು ಮೊದಲ ಒಂದೆರಡು ವಾರ ಬೇರೆ ಕೋಣೆಯಲ್ಲಿಡಲು ಒಪ್ಪುತ್ತಾರಾ ಕೇಳಬೇಕು. ಒಪ್ಪಿದರೆ ದೀಪಾವಳಿ ಕಳೆದ ಮೇಲಿನ ಭಾನುವಾರ ನಾನೇ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ.